ಉದ್ಯೋಗ ಮೇಳ: ಹೋಗುವ ಮುಂಚೆ, ಹೋದಾಗ, ಬಂದ ಮೇಲೆ

ಉದ್ಯೋಗ ಮೇಳ ಅಂದ ಕೂಡಲೇ ತುಂಬಾ ಜನ ಮಾಡುವುದು ಒಂದೇ ಕೆಲಸ. ರೆಸ್ಯೂಮ್‌ನ ಐವತ್ತು ಪ್ರತಿ ತೆಗೆಸುತ್ತಾರೆ, ಕರಪತ್ರ ಹಂಚಿದ ಹಾಗೆ ಸಿಕ್ಕ ಸಿಕ್ಕ ಸ್ಟಾಲಿಗೆಲ್ಲ ಕೊಡುತ್ತಾರೆ, ಮನೆಗೆ ಬಂದು ಫೋನ್ ಕಾಯುತ್ತಾರೆ. ಫೋನ್ ಬರುವುದಿಲ್ಲ. "ಈ ಮೇಳಗಳೆಲ್ಲ ಸುಮ್ನೆ ತೋರಿಕೆಗೆ" ಅಂತ ಬೇಜಾರು ಮಾಡಿಕೊಳ್ಳುತ್ತಾರೆ.

ಒಮ್ಮೆ ಮೇಜಿನ ಆಚೆ ಬದಿಯಿಂದ ನೋಡಿ. ಸ್ಟಾಲಿನಲ್ಲಿ ಇರುವವರು ಬೆಳಿಗ್ಗೆಯಿಂದ ನಿಂತೇ ಇರುತ್ತಾರೆ. ಮಾತಾಡಿ ಮಾತಾಡಿ ಗಂಟಲು ಕಟ್ಟಿರುತ್ತದೆ. "ನಿಮ್ಮ ಕಂಪನಿ ಏನು ಮಾಡುತ್ತೆ ಸರ್?" ಎಂಬ ಪ್ರಶ್ನೆಗೆ ಅದೆಷ್ಟನೇ ಸಲವೋ ಉತ್ತರ ಹೇಳುತ್ತಿರುತ್ತಾರೆ. ಪಕ್ಕದಲ್ಲಿ ರೆಸ್ಯೂಮ್‌ಗಳ ರಾಶಿ ಬೆಳೆಯುತ್ತಲೇ ಇರುತ್ತದೆ. ಈ ನಡುವೆ ಯಾರೋ ಒಬ್ಬರು ಬಂದು ಎರಡು ಮಾತು ತೂಕವಾಗಿ ಆಡಿದರೆ, ಅವರ ಹಾಳೆಯ ಮೂಲೆಯಲ್ಲಿ ಪೆನ್ನಿನಿಂದ ಒಂದು ಗುರುತು ಬೀಳುತ್ತದೆ. ಒಂದು ಟಿಕ್, ಇಲ್ಲವೇ "ಟೆಸ್ಟಿಂಗ್ ಟೀಮಿಗೆ ಆಗಬಹುದು" ಎಂಬ ಚುಟುಕು ಟಿಪ್ಪಣಿ. ಆಮೇಲೆ ಆ ರಾಶಿಯನ್ನು ವಿಂಗಡಿಸುವಾಗ ಮೊದಲು ಕೈಗೆತ್ತಿಕೊಳ್ಳುವುದು ಗುರುತು ಬಿದ್ದ ಹಾಳೆಗಳನ್ನೇ.

ಹಾಗಾಗಿ ಗುರಿ ಚಿಕ್ಕದಿರಲಿ. ನಾಲ್ಕೈದು ಸ್ಟಾಲಿನಲ್ಲಿ ಆ ಗುರುತು ಬಿದ್ದರೆ ಆ ದಿನ ಸಾರ್ಥಕ. ಮೇಳದಲ್ಲೇ ಕೆಲಸ ಕೈಗೆ ಸಿಕ್ಕರೆ ಸಂತೋಷವೇ, ಆದರೆ ಅದನ್ನೇ ನಂಬಿಕೊಂಡು ಹೋಗಬೇಡಿ. ಕೆಳಗೆ ಹೇಳಿರುವುದೆಲ್ಲ ಆ ಗುರುತು ಬೀಳಿಸುವ ದಾರಿಗಳು.

ಹೆಜ್ಜೆ 1: ಯಾರನ್ನು ಮಾತಾಡಿಸಬೇಕು ಅಂತ ಮೊದಲೇ ಗೊತ್ತುಮಾಡಿಕೊಳ್ಳಿ

ಮೇಳಕ್ಕೆ ಒಂದು ವಾರ ಇರುವಾಗಲೇ ಹೆಸರು ನೋಂದಾಯಿಸಿ. ಭಾಗವಹಿಸುವ ಕಂಪನಿಗಳ ಪಟ್ಟಿಯನ್ನು ಆಯೋಜಕರು ಸಾಮಾನ್ಯವಾಗಿ ಮುಂಚೆಯೇ ಹಾಕಿರುತ್ತಾರೆ. ಪಟ್ಟಿ ಉದ್ದವಾಗಿದ್ದರೆ ಖುಷಿಪಡಬೇಡಿ. ನಿಮ್ಮ ಓದಿಗೆ, ಅನುಭವಕ್ಕೆ, ಇಷ್ಟಕ್ಕೆ ಹೊಂದುವ ಕಂಪನಿಗಳನ್ನು ಮಾತ್ರ ಗುರುತು ಹಾಕಿಕೊಳ್ಳಿ. ಇವು ನನಗೆ ಬೇಕೇ ಬೇಕು ಅನ್ನುವಂಥವು ನಾಲ್ಕೈದು, ಸಿಕ್ಕರೆ ಒಳ್ಳೆಯದು ಅನ್ನುವಂಥವು ಇನ್ನೊಂದು ನಾಲ್ಕೈದು. ಅಷ್ಟು ಸಾಕು. ಒಂದು ದಿನದಲ್ಲಿ ಕ್ಯೂ ನಿಂತು ಮಾತಾಡಲು ಅದಕ್ಕಿಂತ ಜಾಸ್ತಿ ಆಗುವುದೂ ಇಲ್ಲ.

ಬೇಕೇ ಬೇಕು ಅನ್ನುವ ಪ್ರತಿ ಕಂಪನಿಗೂ ಅರ್ಧ ಗಂಟೆ ಕೊಡಿ. ಅವರ ವೆಬ್‌ಸೈಟಿನಲ್ಲಿ ಉದ್ಯೋಗಾವಕಾಶದ ಪುಟ ತೆರೆದು, ಈಗ ಯಾವ ಹುದ್ದೆ ಖಾಲಿ ಇದೆ, ಫ್ರೆಶರ್‌ಗಳನ್ನು ತೆಗೆದುಕೊಳ್ಳುತ್ತಾರಾ, ಏನೇನು ಗೊತ್ತಿರಬೇಕು ಅಂತ ನೋಡಿ. ಕಂಪನಿಯ ಇತಿಹಾಸ ಬಾಯಿಪಾಠ ಮಾಡುವ ಅಗತ್ಯವಿಲ್ಲ, ಯಾರೂ ಕೇಳುವುದಿಲ್ಲ. ಆದರೆ ಅವರು ಏನು ಮಾಡಿ ದುಡ್ಡು ಸಂಪಾದಿಸುತ್ತಾರೆ, ಅವರ ಗ್ರಾಹಕರು ಯಾರು, ಇತ್ತೀಚೆಗೆ ಹೊಸದಾಗಿ ಏನು ಶುರು ಮಾಡಿದ್ದಾರೆ, ಈ ಮೂರು ಗೊತ್ತಿರಲಿ. ಕೊನೆಗೆ ಆ ಕಂಪನಿಗೆ ಮಾತ್ರ ಕೇಳಬಹುದಾದ ಒಂದು ಪ್ರಶ್ನೆ ಬರೆದಿಟ್ಟುಕೊಳ್ಳಿ.

ಇನ್ನೊಂದು ಕೆಲಸವನ್ನು ಹೆಚ್ಚಿನವರು ಮಾಡುವುದಿಲ್ಲ. ಹುದ್ದೆ ಖಾಲಿ ಇದ್ದರೆ ಮೇಳಕ್ಕೆ ಮುಂಚೆಯೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿಬಿಡಿ. ಎಷ್ಟೋ ದೊಡ್ಡ ಕಂಪನಿಗಳಲ್ಲಿ ನೇಮಕಾತಿ ಎಲ್ಲವೂ ಒಂದು ಸಾಫ್ಟ್‌ವೇರ್ ಮೂಲಕವೇ ನಡೆಯುತ್ತದೆ, ಕೈಯಲ್ಲಿ ಕೊಟ್ಟ ಹಾಳೆ ಆ ವ್ಯವಸ್ಥೆಯೊಳಗೆ ಹೋಗುವುದು ಕಷ್ಟ. "ಈ ಹುದ್ದೆಗೆ ಹೋದ ವಾರ ಅರ್ಜಿ ಹಾಕಿದ್ದೇನೆ, ಅರ್ಜಿ ಸಂಖ್ಯೆ ಇದು" ಅಂತ ಹೇಳುವವರನ್ನು ಹುಡುಕಿ ತೆಗೆಯುವುದು ಅವರಿಗೆ ಸುಲಭ.

ಹೆಜ್ಜೆ 2: ರೆಸ್ಯೂಮ್

ಈಗಷ್ಟೇ ಓದು ಮುಗಿಸಿದವರಿಗೆ ಒಂದು ಪುಟ. ಹಲವು ವರ್ಷ ಕೆಲಸ ಮಾಡಿದವರಿಗೆ ಎರಡು. ಸ್ಟಾಲಿನಲ್ಲಿ ನಿಮ್ಮ ಹಾಳೆಯ ಮೇಲೆ ಕಣ್ಣು ಓಡುವುದು ಕೆಲವೇ ಸೆಕೆಂಡು, ಅದೂ ನೀವು ಎದುರಿಗೆ ಮಾತಾಡುತ್ತಿರುವಾಗ. ಆದ್ದರಿಂದ ಮುಖ್ಯವಾದದ್ದು ಮೇಲಿನ ಮೂರನೇ ಒಂದು ಭಾಗದಲ್ಲೇ ಇರಬೇಕು.

"ಪ್ರತಿಷ್ಠಿತ ಸಂಸ್ಥೆಯಲ್ಲಿ ಸವಾಲಿನ ಹುದ್ದೆ ಪಡೆದು ಸಂಸ್ಥೆಯ ಬೆಳವಣಿಗೆಗೆ ಕೊಡುಗೆ ನೀಡುವುದು ನನ್ನ ಧ್ಯೇಯ" ಎಂಬ ಸಾಲು ನಿಮ್ಮ ರೆಸ್ಯೂಮ್‌ನಲ್ಲಿದ್ದರೆ ದಯವಿಟ್ಟು ಅಳಿಸಿ. ಅದು ಎಲ್ಲರ ರೆಸ್ಯೂಮ್‌ನಲ್ಲೂ ಇದೆ, ಯಾರೂ ಓದುವುದಿಲ್ಲ. ಆ ಜಾಗದಲ್ಲಿ ನೀವು ಏನು ಬಲ್ಲಿರಿ, ಯಾವ ಕೆಲಸ ಹುಡುಕುತ್ತಿದ್ದೀರಿ ಅಂತ ಎರಡು ಸಾಲು ಬರೆಯಿರಿ.

ಮಾಡಿದ ಕೆಲಸವನ್ನು ಬರೆಯುವಾಗ ಹೆಸರಿಗೆ ನಿಲ್ಲಬೇಡಿ, ಮಾಡಿದ್ದು ಕಾಣಬೇಕು. ಒಂದು ಉದಾಹರಣೆ. "ಗ್ರಾಹಕ ಸೇವಾ ವಿಭಾಗದಲ್ಲಿ ಇಂಟರ್ನ್ ಆಗಿ ಕೆಲಸ ಮಾಡಿದ್ದೇನೆ" ಅಂದರೆ ಏನೂ ಗೊತ್ತಾಗುವುದಿಲ್ಲ. ಅದನ್ನೇ "3 ತಿಂಗಳ ಇಂಟರ್ನ್‌ಶಿಪ್‌ನಲ್ಲಿ 400 ಗ್ರಾಹಕರ ದೂರುಗಳನ್ನು ಎಕ್ಸೆಲ್‌ನಲ್ಲಿ ವಿಂಗಡಿಸಿ, ಅರ್ಧಕ್ಕಿಂತ ಹೆಚ್ಚು ದೂರು ಡೆಲಿವರಿ ತಡವಾದದ್ದಕ್ಕೇ ಬಂದಿವೆ ಎಂದು ತಂಡಕ್ಕೆ ವರದಿ ಕೊಟ್ಟೆ" ಅಂತ ಬರೆದು ನೋಡಿ. ಓದಿದವರ ಬಾಯಿಗೆ ತಾನಾಗಿಯೇ ಪ್ರಶ್ನೆ ಬರುತ್ತದೆ: "ಹೌದಾ, ಆಮೇಲೆ ಅವರು ಏನು ಮಾಡಿದರು?" ಮಾತು ಶುರುವಾಯಿತು. ಸಂಖ್ಯೆ ನಿಜವಾಗಿರಬೇಕು ಅಷ್ಟೆ. ಕಾಲೇಜಿನ ಪ್ರಾಜೆಕ್ಟ್, ಪಾರ್ಟ್‌ಟೈಮ್ ಕೆಲಸ, ಕಾರ್ಯಕ್ರಮ ಆಯೋಜಿಸಿದ್ದು, ಮನೆಯವರ ಅಂಗಡಿಯ ಲೆಕ್ಕ ನೋಡಿದ್ದು, ಎಲ್ಲವನ್ನೂ ಹೀಗೆಯೇ ಬರೆಯಬಹುದು.

ಕೌಶಲಗಳ ಪಟ್ಟಿಗೆ ಒಂದು ಪರೀಕ್ಷೆ ಇದೆ. ಬರೆದ ಪ್ರತಿಯೊಂದರ ಬಗ್ಗೆಯೂ ಯಾರಾದರೂ ಎರಡು ಪ್ರಶ್ನೆ ಕೇಳಿದರೆ ಉತ್ತರಿಸಬಲ್ಲಿರಾ? ಆಗದಿದ್ದರೆ ತೆಗೆಯಿರಿ. ಒಂದು ಬೊಗಳೆ ಸಿಕ್ಕಿಬಿದ್ದರೆ ಉಳಿದ ನಿಜಗಳ ಮೇಲೂ ಅನುಮಾನ ಬರುತ್ತದೆ.

ನೋಟದ ವಿಷಯಕ್ಕೆ ಬಂದರೆ ಸರಳವೇ ಒಳ್ಳೆಯದು. ಎರಡು ಕಾಲಂ, ಟೇಬಲ್, ಕೌಶಲ ತೋರಿಸುವ ಬಣ್ಣದ ಪಟ್ಟಿಗಳು ಕಣ್ಣಿಗೆ ಚೆಂದ, ಆದರೆ ಅರ್ಜಿಗಳನ್ನು ಜರಡಿ ಹಿಡಿಯುವ ಸಾಫ್ಟ್‌ವೇರ್ ಎಷ್ಟೋ ಸಲ ಅವನ್ನು ಸರಿಯಾಗಿ ಓದುವುದಿಲ್ಲ. ಎರಡು ಬೇರೆ ಬೇರೆ ಬಗೆಯ ಹುದ್ದೆ ನೋಡುತ್ತಿದ್ದರೆ ಎರಡು ರೆಸ್ಯೂಮ್ ಮಾಡಿ. ಪಿಡಿಎಫ್ ಫೋನಿನಲ್ಲೂ ಇರಲಿ, ಫೈಲಿಗೆ ನಿಮ್ಮ ಹೆಸರೇ ಇರಲಿ. "ಫೈನಲ್ ನ್ಯೂ 3" ಎಂಬ ಹೆಸರಿನ ಫೈಲುಗಳು ಅವರ ಇನ್‌ಬಾಕ್ಸ್‌ನಲ್ಲಿ ಬೇಕಾದಷ್ಟಿರುತ್ತವೆ. ಪ್ರಿಂಟ್ ತೆಗೆಸುವ ಮೊದಲು ಬೇರೆ ಯಾರಿಗಾದರೂ ಓದಲು ಕೊಡಿ. ಫೋನ್ ನಂಬರಿನಲ್ಲಿ ಒಂದು ಅಂಕಿ ತಪ್ಪಿದ್ದರೆ ಉಳಿದದ್ದೆಲ್ಲ ವ್ಯರ್ಥ.

ಹೆಜ್ಜೆ 3: ಅರ್ಧ ನಿಮಿಷದ ಪರಿಚಯ

ಇದಕ್ಕೆ ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಿ. "ನಿಮ್ಮ ಬಗ್ಗೆ ಹೇಳಿ" ಅಂದಾಗ ಹುಟ್ಟಿದ ಊರಿನಿಂದ ಶುರುಮಾಡಿ, ಶಾಲೆ, ಹವ್ಯಾಸ ಅಂತ ಹೊರಟರೆ ಎದುರಿಗಿರುವವರ ಕಣ್ಣು ಆಗಲೇ ನಿಮ್ಮ ಹಿಂದೆ ನಿಂತವರ ಕಡೆ ಹೋಗಿರುತ್ತದೆ.

ನಾಲ್ಕು ಮಾತು ಸಾಕು. ನೀವು ಯಾರು, ಏನು ಮಾಡಿದ್ದೀರಿ, ಇಲ್ಲಿಗೇ ಯಾಕೆ ಬಂದಿರಿ, ಏನು ತಿಳಿಯಬೇಕು. ಹೀಗೆ:

"ನಮಸ್ಕಾರ ಮೇಡಂ, ನಾನು ಈ ವರ್ಷ ಬಿ.ಕಾಂ. ಮುಗಿಸಿದೆ. ಓದುವಾಗಲೇ ಒಂದು ಸಣ್ಣ ಸಂಸ್ಥೆಯಲ್ಲಿ ಎಂಟು ತಿಂಗಳು ಬಿಲ್ಲಿಂಗ್ ನೋಡಿಕೊಂಡಿದ್ದೆ. ಬಾಕಿ ವಸೂಲಿಯ ಲೆಕ್ಕ ಅಲ್ಲಿ ನೋಟ್‌ಬುಕ್‌ನಲ್ಲಿತ್ತು, ಅದನ್ನು ಎಕ್ಸೆಲ್‌ಗೆ ತಂದೆ. ನಿಮ್ಮಲ್ಲಿ ಅಕೌಂಟ್ಸ್ ಟ್ರೈನಿ ಹುದ್ದೆ ಇದೆ ಅಂತ ವೆಬ್‌ಸೈಟ್‌ನಲ್ಲಿ ನೋಡಿದೆ. ಮೊದಲ ಆರು ತಿಂಗಳು ಆ ಹುದ್ದೆಯಲ್ಲಿ ಯಾವ ರೀತಿ ಕೆಲಸ ಇರುತ್ತೆ ಅಂತ ತಿಳ್ಕೋಬೇಕಿತ್ತು."

ಗಮನಿಸಿ, ಇದರಲ್ಲಿ "ನಾನು ಶ್ರಮಜೀವಿ", "ಬೇಗ ಕಲಿಯುತ್ತೇನೆ" ಎಂಬ ಮಾತೇ ಇಲ್ಲ. ನೋಟ್‌ಬುಕ್ಕಿನ ಲೆಕ್ಕವನ್ನು ಎಕ್ಸೆಲ್‌ಗೆ ತಂದವರ ಬಗ್ಗೆ ಕೇಳಿದವರೇ ಹಾಗೆ ಅಂದುಕೊಳ್ಳುತ್ತಾರೆ. ಕೊನೆಯಲ್ಲಿ ಪ್ರಶ್ನೆ ಇರುವುದಕ್ಕೂ ಕಾರಣ ಇದೆ. ಮಾತು ಅವರ ಕಡೆಗೆ ಹೋಗುತ್ತದೆ, ನಿಮಗೆ ಉಸಿರಾಡಲು ಸಮಯ ಸಿಗುತ್ತದೆ.

ಇದನ್ನು ಬರೆದು, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಮೊದಲ ಸಲ ನಿಮ್ಮ ಧ್ವನಿ ನಿಮಗೇ ಹಿಡಿಸುವುದಿಲ್ಲ, ಪರವಾಗಿಲ್ಲ. ಪದಪದ ಉರು ಹೊಡೆಯಬೇಡಿ. ಮಧ್ಯೆ ಯಾರಾದರೂ ಪ್ರಶ್ನೆ ಹಾಕಿದರೆ ಉರು ಹೊಡೆದವರಿಗೆ ದಾರಿ ತಪ್ಪುತ್ತದೆ. ಅಷ್ಟು ರೂಢಿಯಿಲ್ಲದ ಭಾಷೆಯಲ್ಲಿ ಮಾತಾಡಬೇಕಾಗಿ ಬಂದರೆ ವಾಕ್ಯಗಳನ್ನು ಇನ್ನೂ ಚಿಕ್ಕದು ಮಾಡಿ, ನಿಧಾನವಾಗಿ ಹೇಳಿ. ಸರಾಗವಾಗಿ ಮಾತಾಡಲು ಹೋಗಿ ಅರ್ಥವಾಗದ ಹಾಗೆ ಹೇಳುವುದಕ್ಕಿಂತ ಇದು ಎಷ್ಟೋ ವಾಸಿ.

ಪರಿಚಯದ ಜೊತೆಗೆ ಎರಡು ಮೂರು ಸಣ್ಣ ಪ್ರಸಂಗಗಳನ್ನು ಸಿದ್ಧ ಮಾಡಿಟ್ಟುಕೊಳ್ಳಿ. ತಂಡದಲ್ಲಿ ಜಗಳವಾಗಿ ಸರಿಹೋದದ್ದು, ಕೊನೆ ಗಳಿಗೆಯಲ್ಲಿ ಏನೋ ಕೆಟ್ಟು ನೀವು ನಿಭಾಯಿಸಿದ್ದು, ಇಂಥವು. ನೇಮಕಾತಿಯವರ ವಲಯದಲ್ಲಿ ಇದಕ್ಕೆ ಸ್ಟಾರ್ ವಿಧಾನ ಅನ್ನುತ್ತಾರೆ: ಸಂದರ್ಭ ಏನು, ನಿಮ್ಮ ಹೊಣೆ ಏನಿತ್ತು, ನೀವು ಏನು ಮಾಡಿದಿರಿ, ಕೊನೆಗೆ ಏನಾಯಿತು. ಹೆಚ್ಚಿನವರು ಸಂದರ್ಭವನ್ನೇ ಮೂರು ನಿಮಿಷ ಹೇಳಿ, ತಾವು ಏನು ಮಾಡಿದೆವು ಅನ್ನುವುದನ್ನು ಒಂದೇ ವಾಕ್ಯದಲ್ಲಿ ಮುಗಿಸುತ್ತಾರೆ. ನೀವು ಅದನ್ನು ತಿರುಗಿಸಿ.

ಓದಿನ ಮಧ್ಯೆ ಒಂದು ವರ್ಷ ಬಿಟ್ಟಿದ್ದರೆ, ಅಂಕ ಕಡಿಮೆ ಇದ್ದರೆ, ಹಳೆಯ ಕೆಲಸ ಹೋಗಿದ್ದರೆ ಅದಕ್ಕೂ ಒಂದು ವಾಕ್ಯ ಸಿದ್ಧವಿರಲಿ. ಒಂದೇ ವಾಕ್ಯ. ಸುಳ್ಳು ಬೇಡ, ಉದ್ದನೆಯ ವಿವರಣೆಯೂ ಬೇಡ.

ಹೆಜ್ಜೆ 4: ಹಿಂದಿನ ರಾತ್ರಿ

ಬಟ್ಟೆಯ ಬಗ್ಗೆ ಅಷ್ಟೇನೂ ತಲೆ ಕೆಡಿಸಿಕೊಳ್ಳಬೇಡಿ. ಇಂಟರ್‌ವ್ಯೂಗೆ ಹಾಕುವಂಥದ್ದು, ಇಸ್ತ್ರಿ ಆಗಿದ್ದರೆ ಸಾಕು. ಚಪ್ಪಲಿ, ಶೂ ಮಾತ್ರ ಹಳೆಯದೇ ಇರಲಿ. ದಿನವಿಡೀ ನಿಲ್ಲಬೇಕು, ಹೊಸ ಶೂ ಕಾಲು ಕಚ್ಚುತ್ತದೆ.

ಒಂದು ಫೋಲ್ಡರಿನಲ್ಲಿ ರೆಸ್ಯೂಮ್ ಪ್ರತಿಗಳು, ಮಾತಾಡಬೇಕೆಂದಿರುವ ಕಂಪನಿಗಳಿಗಿಂತ ಎರಡು ಪಟ್ಟು. ಚಿಕ್ಕ ನೋಟ್‌ಬುಕ್, ಎರಡು ಪೆನ್ನು, ಗುರುತಿನ ಚೀಟಿ, ನೋಂದಣಿಯ ಪ್ರಿಂಟ್ ಅಥವಾ ಕ್ಯೂಆರ್ ಕೋಡ್, ಪವರ್ ಬ್ಯಾಂಕ್, ನೀರು. ಅಂಕಪಟ್ಟಿಗಳ ಜೆರಾಕ್ಸ್ ಇರಲಿ. ಮೂಲ ಪ್ರತಿ ತೋರಿಸಲು ಕೇಳಿದ್ದರೆ ಒಯ್ಯಿರಿ, ಆದರೆ ಅಲ್ಲಿ ಯಾರ ಕೈಗೂ ಕೊಟ್ಟು ಬರಬೇಡಿ.

ಹೆಜ್ಜೆ 5: ಒಳಗೆ ಹೋದ ಮೇಲೆ

ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರಿ. ಮೊದಲ ಒಂದು ಗಂಟೆ ಕ್ಯೂ ಚಿಕ್ಕದು, ಸ್ಟಾಲಿನವರಿಗೂ ಇನ್ನೂ ಉತ್ಸಾಹ ಇರುತ್ತದೆ. ಕೊನೆಯ ಗಂಟೆಯಲ್ಲಿ ಎಷ್ಟೋ ಸ್ಟಾಲಿನವರು ಬ್ಯಾನರ್ ಮಡಚುತ್ತಿರುತ್ತಾರೆ.

ಒಂದು ಸುತ್ತು ಹಾಕಿ ಯಾವುದು ಎಲ್ಲಿದೆ ನೋಡಿಕೊಳ್ಳಿ. ಆಮೇಲೆ ಸೀದಾ ಇಷ್ಟದ ಕಂಪನಿಗೆ ಹೋಗಬೇಡಿ. ಎರಡನೇ ಪಟ್ಟಿಯಲ್ಲಿರುವ ಒಂದು ಸ್ಟಾಲಿಗೆ ಹೋಗಿ ಮಾತಾಡಿ. ಮೊದಲ ಸಲ ನಾಲಿಗೆ ತೊದಲುತ್ತದೆ, ಅದು ಅಲ್ಲೇ ಮುಗಿದುಹೋಗಲಿ. ಎರಡನೆಯದಕ್ಕೆ ಧೈರ್ಯ ಬಂದಿರುತ್ತದೆ. ಆಗ ಮುಖ್ಯವಾದವರ ಹತ್ತಿರ ಹೋಗಿ, ಅವರ ಕ್ಯೂ ಹನುಮಂತನ ಬಾಲವಾಗುವ ಮುಂಚೆ.

ಸ್ನೇಹಿತರ ಜೊತೆ ಬಂದಿದ್ದರೆ ಬಾಗಿಲಲ್ಲೇ ಬೇರೆಯಾಗಿ. ನಾಲ್ಕು ಜನ ಒಟ್ಟಿಗೆ ಒಂದು ಸ್ಟಾಲಿನ ಮುಂದೆ ನಿಂತರೆ ಒಬ್ಬರು ಮಾತಾಡುತ್ತಾರೆ, ಮೂವರು ತಲೆ ಆಡಿಸುತ್ತಾರೆ. ಕ್ಯೂನಲ್ಲಿರುವಾಗ ಫೋನ್ ನೋಡುವ ಬದಲು ಮುಂದಿನವರ ಮಾತಿಗೆ ಕಿವಿ ಕೊಡಿ. ಸ್ಟಾಲಿನವರು ಏನು ಕೇಳುತ್ತಿದ್ದಾರೆ, ಯಾವ ಉತ್ತರಕ್ಕೆ ಮುಖ ಅರಳುತ್ತಿದೆ ಅಂತ ಗೊತ್ತಾಗುತ್ತದೆ.

ಎದುರಿಗಿರುವವರು ಯಾರು ಅಂತ ಮೊದಲು ತಿಳಿದುಕೊಳ್ಳಿ. ಎಚ್‌ಆರ್ ವಿಭಾಗದವರಾದರೆ ಹುದ್ದೆಗಳು, ಆಯ್ಕೆಯ ಸುತ್ತುಗಳು, ದಿನಾಂಕಗಳ ಬಗ್ಗೆ ಕೇಳಿ. ಆ ಕೆಲಸವನ್ನೇ ಮಾಡುವ ತಂಡದವರಾದರೆ ಕೆಲಸದ ಬಗ್ಗೆ ಕೇಳಿ: "ನಿಮ್ಮ ತಂಡಕ್ಕೆ ಹೊಸದಾಗಿ ಬಂದವರಿಗೆ ಯಾವುದು ಕಷ್ಟ ಆಗುತ್ತೆ ಸರ್?" ಈ ಪ್ರಶ್ನೆಗೆ ಸಿಗುವ ಉತ್ತರ ಇಂಟರ್‌ವ್ಯೂನಲ್ಲೂ ಉಪಯೋಗಕ್ಕೆ ಬರುತ್ತದೆ. ಕೆಲವು ಸ್ಟಾಲುಗಳಲ್ಲಿ ಕನ್ಸಲ್ಟೆನ್ಸಿಯವರು ಇರುತ್ತಾರೆ, ಬೇರೆ ಕಂಪನಿಗಳ ಪರವಾಗಿ ಜನ ಹುಡುಕುವವರು. ತಪ್ಪೇನಿಲ್ಲ, ಆದರೆ ಯಾವ ಕಂಪನಿಗೆ, ಸಂಬಳ ಯಾರು ಕೊಡುತ್ತಾರೆ ಅಂತ ನೇರವಾಗಿ ಕೇಳಿ.

ಸಂಬಳ, ರಜೆ, ಮನೆಯಿಂದ ಕೆಲಸ, ಇವು ಮೊದಲ ಪ್ರಶ್ನೆಗಳಾಗುವುದು ಬೇಡ. ಅವರೇ ಎಷ್ಟು ನಿರೀಕ್ಷೆ ಅಂತ ಕೇಳಿದರೆ ಮುಜುಗರಪಡದೆ ಒಂದು ಅಂದಾಜು ಹೇಳಿ, ಆ ಹುದ್ದೆಗೆ ಸಾಮಾನ್ಯವಾಗಿ ಎಷ್ಟಿದೆ ಅಂತ ಮನೆಯಲ್ಲೇ ನೋಡಿಕೊಂಡು ಬಂದಿರಿ.

ಎಷ್ಟೋ ಸ್ಟಾಲಿನಲ್ಲಿ ಬರುವ ಉತ್ತರ ಒಂದೇ: "ವೆಬ್‌ಸೈಟ್‌ನಲ್ಲಿ ಅಪ್ಲೈ ಮಾಡಿ." ಇದನ್ನು ಕೇಳಿ ಮುಖ ಸಪ್ಪೆ ಮಾಡಿಕೊಂಡು ಹೊರಡುವವರೇ ಜಾಸ್ತಿ. ಅಲ್ಲೇ ಮಾತು ಮುಂದುವರಿಸಬಹುದು:

"ಖಂಡಿತ ಸರ್, ಇವತ್ತೇ ಹಾಕ್ತೀನಿ. ನನ್ನಂಥವರಿಗೆ ಯಾವ ಹುದ್ದೆ ಸರಿಹೋಗುತ್ತೆ ಅನ್ಸುತ್ತೆ ನಿಮಗೆ?"

"ಸಪೋರ್ಟ್ ಟೀಮ್ ನೋಡಿ. ಅದರಲ್ಲಿ ಎರಡು ಖಾಲಿ ಇದೆ."

"ಸರಿ ಸರ್. ಅರ್ಜಿಯಲ್ಲಿ ಇಲ್ಲಿ ನಿಮ್ಮನ್ನ ಭೇಟಿ ಮಾಡಿದ್ದೆ ಅಂತ ಬರೀಬಹುದಾ?"

ಹೆಚ್ಚಿನವರು ಬೇಡ ಅನ್ನುವುದಿಲ್ಲ. ಕೇವಲ ವೆಬ್‌ಸೈಟ್ ವಿಳಾಸ ತೆಗೆದುಕೊಂಡು ಬರಬೇಕಿದ್ದವರಿಗೆ ಒಂದು ಹುದ್ದೆಯ ಸುಳಿವು, ಒಂದು ಹೆಸರು ಎರಡೂ ಸಿಕ್ಕಿತು.

ಮಾತು ಮೂರು ನಾಲ್ಕು ನಿಮಿಷ ದಾಟದಿರಲಿ, ಅವರೇ ಮುಂದುವರಿಸಿದರೆ ಬೇರೆ ಮಾತು. ಹೊರಡುವ ಮುಂಚೆ ಮೂರು ವಿಷಯ ಕೇಳಿಕೊಳ್ಳಿ: ಮುಂದೆ ಏನಾಗುತ್ತದೆ, ಯಾವಾಗ, ಯಾರನ್ನು ಸಂಪರ್ಕಿಸಬೇಕು. ವಿಸಿಟಿಂಗ್ ಕಾರ್ಡ್ ಇಲ್ಲದಿದ್ದರೆ ಹೆಸರು, ಇಮೇಲ್ ಬರೆದುಕೊಳ್ಳಿ, ಕಾಗುಣಿತ ಸರಿಯಿದೆಯಾ ಅಂತ ತೋರಿಸಿ.

ಆಮೇಲೆ ಪಕ್ಕಕ್ಕೆ ಹೋಗಿ, ಮುಂದಿನ ಕ್ಯೂಗೆ ಓಡುವ ಮೊದಲು, ಮೂರು ಸಾಲು ಬರೆಯಿರಿ. ಯಾರ ಜೊತೆ ಮಾತಾಡಿದಿರಿ, ಅವರು ಹೇಳಿದ ಒಂದು ವಿಶೇಷ ಸಂಗತಿ, ನೀವು ಕಳಿಸುತ್ತೇನೆ ಅಂದದ್ದು ಏನು. ಐದು ಸ್ಟಾಲ್ ಆದ ಮೇಲೆ ಎಲ್ಲ ಮುಖಗಳೂ ಕಲಸಿಹೋಗುತ್ತವೆ, ನೆನಪನ್ನು ನಂಬಬೇಡಿ.

ಅಲ್ಲೇ ಇಂಟರ್‌ವ್ಯೂ ಮಾಡುತ್ತೇವೆ ಅಂದರೆ ಗಾಬರಿಯಾಗಬೇಡಿ. "ಎಷ್ಟು ಹೊತ್ತು ಆಗಬಹುದು, ಎಷ್ಟು ಸುತ್ತು ಇರುತ್ತೆ?" ಅಂತ ಕೇಳಿ, ಹತ್ತು ನಿಮಿಷ ಸಿಕ್ಕರೆ ನಿಮ್ಮ ಟಿಪ್ಪಣಿ ನೋಡಿಕೊಂಡು ಹೋಗಿ.

ಸ್ವಲ್ಪ ಹುಷಾರು

ಒಳ್ಳೆಯ ಮೇಳಗಳಿಗೂ ಮೋಸಗಾರರು ನುಸುಳುತ್ತಾರೆ, ಮೇಳದ ಹೆಸರು ಹೇಳಿಕೊಂಡು ಆಮೇಲೆ ಫೋನ್ ಮಾಡುವವರೂ ಇದ್ದಾರೆ. ನೋಂದಣಿ ಶುಲ್ಕ, ತರಬೇತಿ ಶುಲ್ಕ, ವಾಪಸ್ ಕೊಡುವ ಠೇವಣಿ, ಯಾವ ಹೆಸರಿನಲ್ಲಿ ಕೇಳಿದರೂ ಕೆಲಸಕ್ಕೆ ದುಡ್ಡು ಕೊಡಬೇಡಿ. ಬ್ಯಾಂಕ್ ವಿವರ, ಒಟಿಪಿ ಯಾರಿಗೂ ಬೇಡ. ಸ್ಟಾಲಿನಲ್ಲಿ ತುಂಬುವ ಅರ್ಜಿಯಲ್ಲಿ ಗುರುತಿನ ಚೀಟಿಯ ಸಂಖ್ಯೆ ಕೇಳಿದ್ದರೆ, ಆಯ್ಕೆಯಾದ ಮೇಲೆ ಕೊಡುತ್ತೇನೆ ಅನ್ನಿ. ಆಫರ್ ಲೆಟರ್ ಬಂದರೆ ಅದು ಕಂಪನಿಯದೇ ಇಮೇಲ್ ವಿಳಾಸದಿಂದ ಬಂದಿದೆಯಾ ನೋಡಿ. ಒಂದು ಅಕ್ಷರ ಆಚೀಚೆ ಮಾಡಿ ಹೋಲುವ ವಿಳಾಸ ಸೃಷ್ಟಿಸುವುದು ಅವರ ಹಳೆಯ ಚಾಳಿ. ಅನುಮಾನವಿದ್ದರೆ ಕಂಪನಿಯ ವೆಬ್‌ಸೈಟಿನಲ್ಲಿರುವ ನಂಬರಿಗೆ ನೀವೇ ಫೋನ್ ಮಾಡಿ, ಲೆಟರ್‌ನಲ್ಲಿರುವ ನಂಬರಿಗಲ್ಲ.

ಮೇಳ ಆನ್‌ಲೈನ್ ಆಗಿದ್ದರೆ

ಸಿದ್ಧತೆ ಹೆಚ್ಚುಕಡಿಮೆ ಅದೇ. ಬೆಳಕು ಮುಖದ ಮೇಲೆ ಬೀಳುವ ಹಾಗೆ ಕೂತುಕೊಳ್ಳಿ, ಬೆನ್ನ ಹಿಂದೆ ಕಿಟಕಿ ಇದ್ದರೆ ನೀವು ನೆರಳಿನ ಹಾಗೆ ಕಾಣುತ್ತೀರಿ. ಇಯರ್‌ಫೋನ್ ಹಾಕಿ. ಒಬ್ಬೊಬ್ಬರಿಗೆ ನಿಗದಿ ಮಾಡಿದ ಸಮಯವಿರುವ ಮೇಳಗಳಲ್ಲಿ ಸ್ಲಾಟುಗಳು ಬೇಗ ತುಂಬುತ್ತವೆ, ಬುಕಿಂಗ್ ತೆರೆದ ದಿನವೇ ಹಾಕಿಕೊಳ್ಳಿ. ಪರಿಚಯದ ನಾಲ್ಕು ಮಾತನ್ನು ಟೈಪ್ ಮಾಡಿಟ್ಟುಕೊಂಡರೆ ಚಾಟ್‌ನಲ್ಲಿ ಅಂಟಿಸಬಹುದು, ಕಂಪನಿಯ ಹೆಸರು ಬದಲಿಸಲು ಮರೆಯಬೇಡಿ.

ಹೆಜ್ಜೆ 6: ಮನೆಗೆ ಬಂದ ಮೇಲೆ

ಸುಸ್ತಾಗಿರುತ್ತದೆ, ನಿಜ. ಆದರೂ ಆ ರಾತ್ರಿಯೇ ಟಿಪ್ಪಣಿಗಳನ್ನು ಒಮ್ಮೆ ನೋಡಿ, ಅರ್ಧ ಬರೆದದ್ದನ್ನು ಪೂರ್ತಿ ಮಾಡಿ. ಮರುದಿನದೊಳಗೆ ಇಮೇಲ್ ಹೋಗಲಿ. ಉದ್ದ ಬೇಡ:

"ನಮಸ್ಕಾರ ಮೇಡಂ, ನಿನ್ನೆ ಉದ್ಯೋಗ ಮೇಳದಲ್ಲಿ ಅಕೌಂಟ್ಸ್ ಟ್ರೈನಿ ಹುದ್ದೆಯ ಬಗ್ಗೆ ನಿಮ್ಮ ಜೊತೆ ಮಾತಾಡಿದ್ದೆ. ತಿಂಗಳ ಕೊನೆಯಲ್ಲಿ ಲೆಕ್ಕ ಮುಗಿಸುವ ಕೆಲಸವೇ ಹೊಸಬರಿಗೆ ಕಷ್ಟ ಎಂದು ನೀವು ಹೇಳಿದ್ದು ನೆನಪಿದೆ. ಬಿಲ್ಲಿಂಗ್ ಕೆಲಸದಲ್ಲಿ ನನಗೆ ಅದರ ಸ್ವಲ್ಪ ಅನುಭವ ಇದೆ. ನೀವು ಹೇಳಿದಂತೆ ಆನ್‌ಲೈನ್ ಅರ್ಜಿ ಹಾಕಿದ್ದೇನೆ, ಅರ್ಜಿ ಸಂಖ್ಯೆ ಮತ್ತು ರೆಸ್ಯೂಮ್ ಜೊತೆಗಿದೆ. ಸಮಯ ಕೊಟ್ಟದ್ದಕ್ಕೆ ಧನ್ಯವಾದ."

ಇದರಲ್ಲಿ ಕೆಲಸ ಮಾಡುವುದು ಎರಡನೆಯ ವಾಕ್ಯ. ನೂರು ಧನ್ಯವಾದದ ಇಮೇಲ್‌ಗಳ ನಡುವೆ, ತಾವೇ ಆಡಿದ ಮಾತು ಕಂಡಾಗ ಅವರಿಗೆ ನಿಮ್ಮ ಮುಖ ನೆನಪಾಗುತ್ತದೆ. ಸ್ಟಾಲಿನ ಪಕ್ಕದಲ್ಲಿ ನಿಂತು ಬರೆದ ಮೂರು ಸಾಲು ಉಪಯೋಗಕ್ಕೆ ಬರುವುದು ಇಲ್ಲೇ. ಲಿಂಕ್ಡ್‌ಇನ್‌ನಲ್ಲಿ ಕೋರಿಕೆ ಕಳಿಸುವುದಿದ್ದರೂ ಎಲ್ಲಿ ಭೇಟಿಯಾದದ್ದು ಅಂತ ಒಂದು ಸಾಲು ಸೇರಿಸಿ. ಅವರ ಸ್ವಂತ ಫೋನಿಗೆ ಮೆಸೇಜ್ ಬೇಡ, ಅವರಾಗಿ ನಂಬರ್ ಕೊಟ್ಟಿದ್ದರೆ ಮಾತ್ರ.

ಒಂದು ಎಕ್ಸೆಲ್ ಹಾಳೆ ತೆರೆಯಿರಿ. ಕಂಪನಿ, ಮಾತಾಡಿದವರು, ಹುದ್ದೆ, ಅರ್ಜಿ ಹಾಕಿದ ದಿನ, ಅವರು ಹೇಳಿದ ಗಡುವು, ಮುಂದೆ ವಿಚಾರಿಸಬೇಕಾದ ದಿನ. ಅವರು ಹೇಳಿದ ದಿನ ದಾಟಿ ಒಂದು ವಾರವಾದರೂ ಸುದ್ದಿಯಿಲ್ಲದಿದ್ದರೆ ಹಳೆಯ ಇಮೇಲ್‌ಗೇ ಉತ್ತರಿಸುವ ಹಾಗೆ ಎರಡು ಸಾಲು ಬರೆದು ವಿಚಾರಿಸಿ. ಇನ್ನೂ ಎರಡು ವಾರ ಬಿಟ್ಟು ಕೊನೆಯ ಸಲ ಕೇಳಿ. ಅದಕ್ಕಿಂತ ಹೆಚ್ಚು ಕೇಳಿದರೆ ಕಾಟ ಅನ್ನಿಸುತ್ತದೆ. ಆಗಲ್ಲ ಅಂತ ಉತ್ತರ ಬಂದರೆ, ಬೇರೆ ಯಾವ ಹುದ್ದೆಗೆ ಪ್ರಯತ್ನಿಸಬಹುದು ಅಂತ ಒಂದು ಸಾಲಿನಲ್ಲಿ ಕೇಳಿ ನೋಡಿ, ಕೆಲವರು ಮನಸ್ಸಿಟ್ಟು ಹೇಳುತ್ತಾರೆ. ಆ ಹಾಳೆಯನ್ನು ಮಾತ್ರ ಅಳಿಸಬೇಡಿ. ಅದೇ ಕಂಪನಿ ಮುಂದಿನ ಮೇಳಕ್ಕೂ ಬರಬಹುದು. ಆಗ "ಹೋದ ಸಲ ನಿಮ್ಮ ಸಪೋರ್ಟ್ ಟೀಮಿನವರ ಜೊತೆ ಮಾತಾಡಿದ್ದೆ, ಆಮೇಲೆ ಈ ಕೋರ್ಸ್ ಮುಗಿಸಿದೆ" ಅಂತಲೇ ಮಾತು ಶುರು ಮಾಡಬಹುದು.